ಬಾಯಿಯಿಂದ ಮದ್ದು ತುಂಬುವ ರೈಫಲ್: ನಳಿಗೆ ಬದಲಿಕೆ ಮತ್ತು ದುರ್ಬೀನು ಜೋಡಣೆ

ನಳಿಗೆಯ ಬಾಯಿಯಿಂದಲೇ ಕರಿಮದ್ದು ಸುರಿದು, ಸೀಸದ ಗುಂಡನ್ನು ಗಜದಿಂದ ಒತ್ತಿ ಕೂರಿಸಿ ಹಾರಿಸುವ, ಒಳಮೈಯಲ್ಲಿ ಸುರುಳಿ ತೋಡುಗಳಿರುವ ಕೋವಿಗೆ ಬಾಯಿಮದ್ದಿನ ರೈಫಲ್ ಎಂಬ ಹೆಸರು ಸಲ್ಲುತ್ತದೆ. ಸುರುಳಿ ತೋಡಿಲ್ಲದ, ಒಳಗೆ ನುಣುಪಾದ ಕೋವಿಗಳಿಗೆ ಸಲ್ಲುವುದಿಲ್ಲ. ಮಲೆನಾಡಿನ ಕೇಪಿನ ಕೋವಿಗಳಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಯವು. 18ನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯದಲ್ಲಿ ನೆಲೆಸಿದ ಜರ್ಮನ್ ಮೂಲದ ಕಸುಬುದಾರರು ಬೆಳೆಸಿದ ಉದ್ದ ನಳಿಗೆಯ ಚಕಮಕಿ ರೈಫಲ್ ಮತ್ತು 1820ರ ದಶಕದಿಂದ ಸೇಂಟ್ ಲೂಯಿಸ್ ನಗರದಲ್ಲಿ ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್ ಸಹೋದರರು ಮಾಡುತ್ತಿದ್ದ ದಪ್ಪ ನಳಿಗೆಯ ಗುಡ್ಡಗಾಡು ರೈಫಲ್ ಇದರ ಎರಡು ಪ್ರಸಿದ್ಧ ಮಾದರಿಗಳು. ಲೋಹದ ತೋಟಾಗಳು ಬಂದ ಮೇಲೆ, ಅಂದರೆ 1860ರ ದಶಕದ ನಂತರ, ಇವು ಸೇನೆಯಿಂದಲೂ ಬೇಟೆಗಾರರ ಕೈಯಿಂದಲೂ ಸರಿದುಹೋದವು. 1933ರಲ್ಲಿ ಅಮೆರಿಕದಲ್ಲಿ ಬಾಯಿಮದ್ದಿನ ರೈಫಲ್ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರು ಅದರ ನೆಲೆಯಾಯಿತು. ಅಲ್ಲಿಂದ ಮುಂದೆ ಇವು ಹವ್ಯಾಸದ, ಸ್ಪರ್ಧೆಯ ಮತ್ತು ಪ್ರತ್ಯೇಕ ಬೇಟೆ ಋತುವಿನ ಕೋವಿಗಳಾಗಿ ಎರಡನೆಯ ಬಾಳು ಬಾಳುತ್ತಿವೆ.

ಈ ಎರಡನೆಯ ಬಾಳಿನಲ್ಲಿ ಮಾಲೀಕರು ಮತ್ತೆ ಮತ್ತೆ ಕೈಹಾಕುವ ಕೆಲಸಗಳು ಎರಡು. ಹಳೆಯ ನಳಿಗೆ ತೆಗೆದು ಬೇರೆಯದನ್ನು ಕೂರಿಸುವುದು ಒಂದು, ನಳಿಗೆಯ ಮೇಲೆ ದುರ್ಬೀನು ಏರಿಸುವುದು ಇನ್ನೊಂದು. ಎರಡನ್ನೂ ಒಂದೇ ಸಾಲಿನ ಬಿಡಿಭಾಗಗಳೆಂದು ಮಾರುತ್ತಾರೆ, ಆದರೆ ಇವುಗಳ ತೂಕ ಒಂದೇ ಅಲ್ಲ. ಗುಂಡು ಎಲ್ಲಿಗೆ, ಎಷ್ಟು ನೆಟ್ಟಗೆ ಹೋಗಬೇಕೆಂದು ತೀರ್ಮಾನಿಸುವುದು ನಳಿಗೆ. ದುರ್ಬೀನು ಆ ತೀರ್ಮಾನವನ್ನು ಹಾರಿಸುವವನ ಕಣ್ಣಿಗೆ ಕಾಣಿಸುತ್ತದೆ, ಅಷ್ಟೇ.

ನಳಿಗೆ ಬದಲಿಸುವ ಹಳೆಯ ರೂಢಿ

ಬದಲಿ ನಳಿಗೆ ಇಂದಿನ ಅಂಗಡಿಗಳ ಹೊಸ ಸರಕೇನಲ್ಲ. ಮೆದು ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಸಲಾಕೆಯ ಸುತ್ತ ಮಡಿಸಿ, ಬಡಿದು ಬೆಸೆದು ಮಾಡುತ್ತಿದ್ದ ಹಳೆಯ ನಳಿಗೆಗಳು ಬೇಗ ಸವೆಯುತ್ತಿದ್ದವು. ಮರದ ಗಜಕ್ಕೆ ಮೆತ್ತಿಕೊಂಡ ದೂಳು ಬಾಯಿಯ ಅಂಚನ್ನು ಉಜ್ಜುತ್ತಿತ್ತು. ಕರಿಮದ್ದಿನ ಮಸಿ ತೇವ ಹೀರಿಕೊಂಡು ಒಳಗೆ ತುಕ್ಕು ಹಿಡಿಸುತ್ತಿತ್ತು. 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕದ ಆ ಮಿಶ್ರಣ ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಮಸಿಯಾಗಿ, ಹೊಗೆಯಾಗಿ ಉಳಿಯುತ್ತದೆ. ಅದೇ ದಿನ ತೊಳೆಯದಿದ್ದರೆ ನಳಿಗೆಯ ಆಯುಷ್ಯ ಮುಗಿಯಿತೆಂದೇ ಲೆಕ್ಕ.

ಹೀಗೆ ಹಾಳಾದ ನಳಿಗೆಯನ್ನು ಊರಿನ ಕೋವಿ ಕಮ್ಮಾರ ಎಸೆಯುತ್ತಿರಲಿಲ್ಲ. ಉದ್ದನೆಯ ಕೋಲಿಗೆ ಸಣ್ಣ ಗರಗಸದ ಹಲ್ಲು ಸಿಕ್ಕಿಸಿ, ಸವೆದ ತೋಡುಗಳನ್ನೇ ದಾರಿಯಾಗಿ ಹಿಡಿದು, ಮತ್ತೆ ಆಳವಾಗಿ ಕೆತ್ತುತ್ತಿದ್ದ. ಬೋರು, ಅಂದರೆ ನಳಿಗೆಯ ಒಳವ್ಯಾಸ, ಕೊಂಚ ಹಿಗ್ಗುತ್ತಿತ್ತು, ಹಿಗ್ಗಿದ ಬೋರಿಗೆ ಹೊಂದುವ ಹೊಸ ಗುಂಡಿನ ಅಚ್ಚನ್ನೂ ಅವನೇ ಮಾಡಿಕೊಡುತ್ತಿದ್ದ. ಒಂದೇ ರೈಫಲ್ ಎರಡು ಮೂರು ತಲೆಮಾರು ಬಾಳುವಷ್ಟರಲ್ಲಿ ಅದರ ಗುಂಡು ಮೊದಲಿಗಿಂತ ದಪ್ಪವಾಗಿ ಬೆಳೆದಿರುತ್ತಿತ್ತು. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಪೆನ್ಸಿಲ್ವೇನಿಯ ರೈಫಲ್‌ಗಳ ಬೋರನ್ನು ಅಳೆದು, ಮೂಲದ ಅಳತೆ ಇದೇ ಎಂದು ಬರೆದಿಡುವವರು ಈ ರೂಢಿಯನ್ನು ನೆನಪಿಡಬೇಕು.

ಸಿದ್ಧ ನಳಿಗೆಗಳ ವ್ಯಾಪಾರವೂ ಹಳೆಯದೇ. 1816ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ ತಂದೆಯ ಕುಲುಮೆಯಲ್ಲಿ ನಳಿಗೆ ಬಡಿಯಲು ಶುರುಮಾಡಿದ ಎಲಿಫಲೆಟ್ ರೆಮಿಂಗ್ಟನ್, 1828ರಲ್ಲಿ ಈರಿ ಕಾಲುವೆಯ ದಡದ ಇಲಿಯನ್‌ಗೆ ಕೆಲಸ ಸಾಗಿಸಿದ. ಸುತ್ತಲಿನ ಕೋವಿ ಕಮ್ಮಾರರು ನಳಿಗೆಯನ್ನು ಅವನಿಂದ ಕೊಂಡು, ಕುದುರೆಯ (ಹೊಡೆದು ಕಿಡಿ ಹೊತ್ತಿಸುವ ಸುತ್ತಿಗೆಯ) ಯಂತ್ರವನ್ನು ಇನ್ನೊಬ್ಬನಿಂದ ತಂದು, ಮರವನ್ನು ಮಾತ್ರ ತಾವೇ ಕೆತ್ತಿ ತಮ್ಮ ಹೆಸರು ಕೊರೆಯುತ್ತಿದ್ದರು. ಒಬ್ಬನೇ ಕುಶಲಕರ್ಮಿ ಕಬ್ಬಿಣದಿಂದ ಹಿಡಿದು ಹಿತ್ತಾಳೆಯ ಅಲಂಕಾರದವರೆಗೆ ಎಲ್ಲವನ್ನೂ ಮಾಡಿದನೆಂಬ ಚಿತ್ರ ಸುಂದರವಾದರೂ ಆ ಕಾಲಕ್ಕೆ ಅಪರೂಪದ್ದು. 1960ರ ದಶಕದಲ್ಲಿ ವರ್ಜೀನಿಯದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ವ್ಯಾಲೇಸ್ ಗಸ್ಲರ್ ಇಡೀ ರೈಫಲನ್ನು ಕೈಯಿಂದಲೇ ಮಾಡಿ ತೋರಿಸಿದಾಗ ಅದನ್ನು ಚಲನಚಿತ್ರವಾಗಿ ದಾಖಲಿಸಬೇಕಾಯಿತು. ಅಷ್ಟರ ಮಟ್ಟಿಗೆ ಆ ವಿದ್ಯೆ ಮರೆತುಹೋಗಿತ್ತು.

ತಿರುವಿನ ಲೆಕ್ಕ

ಇಂದು ನಳಿಗೆ ಬದಲಿಸುವವರಲ್ಲಿ ಹೆಚ್ಚಿನವರಿಗೆ ಕಾರಣ ಸವೆತವಲ್ಲ, ತಿರುವು. ಸುರುಳಿ ತೋಡು ಎಷ್ಟು ಅಂಗುಲಕ್ಕೆ ಒಂದು ಪೂರ್ತಿ ಸುತ್ತು ಹಾಕುತ್ತದೆ ಎನ್ನುವುದರ ಮೇಲೆ ಆ ನಳಿಗೆಗೆ ಯಾವ ಗುಂಡು ಒಗ್ಗುತ್ತದೆಂಬುದು ನಿಂತಿದೆ.

ದುಂಡನೆಯ ಗುಂಡಿಗೆ ನಿಧಾನದ ತಿರುವು ಸಾಕು. ಅದಕ್ಕೆ ಉದ್ದವೆಂಬುದೇ ಇಲ್ಲವಾದ್ದರಿಂದ ಗಾಳಿಯಲ್ಲಿ ತಲೆಕೆಳಗಾಗುವ ಪ್ರಶ್ನೆ ಬಾರದು. ತಿರುಗಿಸುವುದು ಅದರ ಮೈಯ ಚಿಕ್ಕಪುಟ್ಟ ಓರೆಕೋರೆಗಳನ್ನು ಎಲ್ಲ ಕಡೆಗೂ ಸಮನಾಗಿ ಹಂಚುವುದಕ್ಕಷ್ಟೆ. ಉದ್ದನೆಯ ಗುಂಡಿಗೆ ಹಾಗಲ್ಲ, ಅದು ಮೂತಿ ಮುಂದಾಗಿಯೇ ಸಾಗಬೇಕಾದರೆ ಬಿರುಸಾಗಿ ತಿರುಗಬೇಕು. 1879ರಲ್ಲಿ ವೂಲಿಚ್‌ನ ಗಣಿತ ಅಧ್ಯಾಪಕ ಜಾರ್ಜ್ ಗ್ರೀನ್‌ಹಿಲ್ ಕೊಟ್ಟ ಸರಳ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ, ಒಂದು ಸುತ್ತಿಗೆ ಬೇಕಾದ ಅಂಗುಲಗಳು ಸಿಗುತ್ತವೆ. ಅರ್ಧ ಅಂಗುಲದ ದುಂಡು ಗುಂಡಿಗೆ ಉದ್ದವೂ ವ್ಯಾಸವೂ ಒಂದೇ, ಆದ್ದರಿಂದ ಉತ್ತರ 75 ಅಂಗುಲ. ಅದೇ ವ್ಯಾಸದ, ಒಂದು ಅಂಗುಲ ಉದ್ದದ ಗುಂಡಿಗೆ 37.5 ಅಂಗುಲ. ದುಂಡು ಗುಂಡಿಗೆಂದೇ ಮಾಡಿದ ಇಂದಿನ ನಳಿಗೆಗಳಲ್ಲಿ 60ರಿಂದ 70 ಅಂಗುಲದ ತಿರುವು, ಉದ್ದ ಗುಂಡಿನವುಗಳಲ್ಲಿ 28 ಅಥವಾ 32 ಅಂಗುಲದ ತಿರುವು ಕಾಣುವುದು ಈ ಲೆಕ್ಕದಿಂದಲೇ.

ತಿರುವಿನಷ್ಟೇ ಮುಖ್ಯವಾದದ್ದು ತೋಡಿನ ಆಳ. ದುಂಡು ಗುಂಡನ್ನು ಎಣ್ಣೆ ಸವರಿದ ಹತ್ತಿಬಟ್ಟೆಯ ತುಂಡಿನಲ್ಲಿ ಸುತ್ತಿ ಇಳಿಸುತ್ತಾರೆ. ತೋಡನ್ನು ಹಿಡಿಯುವುದು ಬಟ್ಟೆ, ಗುಂಡನ್ನು ಹಿಡಿಯುವುದೂ ಬಟ್ಟೆಯೇ. ಅದಕ್ಕೆ ಆಳವಾದ ತೋಡು ಬೇಕು. ಬೋರಿಗೆ ನೇರವಾಗಿ ತಾಗುವ ಸೀಸದ ಉದ್ದ ಗುಂಡಿಗೆ ಆಳ ತೋಡು ಕೊಟ್ಟರೆ ಅನಿಲ ಸಂದಿಯಿಂದ ನುಸುಳಿ ಸೀಸವನ್ನು ಕರಗಿಸುತ್ತದೆ, ಅಲ್ಲಿ ತೆಳು ತೋಡೇ ಸರಿ.

48 ಅಂಗುಲಕ್ಕೊಂದು ಸುತ್ತು ಎಂಬ ನಡುದಾರಿಯ ಕಥೆ ಬರುವುದು ಇಲ್ಲಿ. 1970ರಲ್ಲಿ ನ್ಯೂಹ್ಯಾಂಪ್‌ಶೈರ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದ ಥಾಮ್ಸನ್/ಸೆಂಟರ್ ಕಂಪನಿ ‘ಹಾಕನ್’ ಹೆಸರಿನ ಅರೆಮರದ (ನಳಿಗೆಯ ಅರ್ಧದವರೆಗೆ ಮಾತ್ರ ಮರವಿರುವ) ರೈಫಲ್ ಹೊರತಂದಿತು. ಹಾಕನ್ ಸಹೋದರರ ಮೂಲ ಕೋವಿಗೂ ಇದಕ್ಕೂ ಹೋಲಿಕೆ ಅಷ್ಟಕ್ಕಷ್ಟೆ. ನಳಿಗೆ ಗಿಡ್ಡ, ಹಿತ್ತಾಳೆ ಜಾಸ್ತಿ, ಕುದುರೆಯ ಯಂತ್ರದಲ್ಲಿ ಪಟ್ಟಿ ಸ್ಪ್ರಿಂಗಿನ ಬದಲು ಸುರುಳಿ ಸ್ಪ್ರಿಂಗು. ಆದರೂ ಕೊಳ್ಳುವವರು ಮುಗಿಬಿದ್ದರು. ದುಂಡು ಗುಂಡು, ಉದ್ದ ಗುಂಡು ಎರಡೂ ನಡೆಯಲಿ ಎಂದು ಕಂಪನಿ 48 ಅಂಗುಲದ ತಿರುವು ಮತ್ತು ತೆಳು ತೋಡು ಇಟ್ಟಿತು. ಎರಡೂ ನಡೆದವು, ಯಾವುದೂ ಅತ್ಯುತ್ತಮವಾಗಿ ನಡೆಯಲಿಲ್ಲ. ಮುಂದಿನ ನಾಲ್ಕು ದಶಕಗಳ ಬದಲಿ ನಳಿಗೆಯ ವ್ಯಾಪಾರಕ್ಕೆ ಈ ರಾಜಿಯೇ ಅಡಿಪಾಯವಾಯಿತು.

ಕೊಕ್ಕೆ ಬಿರಡೆ ಮತ್ತು ಸಿದ್ಧ ನಳಿಗೆ

ನಳಿಗೆಯ ಹಿಂಬದಿಯನ್ನು ತಿರುಪಿನ ಬಿರಡೆಯಿಂದ ಮುಚ್ಚಿರುತ್ತಾರೆ. ಪೆನ್ಸಿಲ್ವೇನಿಯದ ಉದ್ದ ರೈಫಲ್‌ನಲ್ಲಿ ಈ ಬಿರಡೆಗೆ ಅಂಟಿದ ಕಬ್ಬಿಣದ ಬಾಲ ಮರದೊಳಕ್ಕೆ ಹುದುಗಿ ಸ್ಕ್ರೂನಿಂದ ಬಿಗಿಯಾಗಿರುತ್ತದೆ. ನಳಿಗೆಯ ಉದ್ದಕ್ಕೂ ಅಡ್ಡಡ್ಡ ಸೂಜಿಮೊಳೆಗಳು ಅದನ್ನು ಮರಕ್ಕೆ ಹೊಲಿದಿರುತ್ತವೆ. ತೆಗೆಯಬೇಕೆಂದರೆ ಒಂದೊಂದೇ ಮೊಳೆಯನ್ನು ತಟ್ಟಿ ಹೊರಹಾಕಬೇಕು. ಅದಲ್ಲದೆ ಆ ನಳಿಗೆಗಳು ಬುಡದಲ್ಲಿ ದಪ್ಪ, ನಡುವಿನಲ್ಲಿ ತೆಳು, ಬಾಯಿಯ ಬಳಿ ಮತ್ತೆ ಕೊಂಚ ದಪ್ಪ. ಆ ಬಾಗನ್ನೇ ಅನುಸರಿಸಿ ಮರವನ್ನು ಕೆತ್ತಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಸುಮ್ಮನೆ ಕೂರುವುದಿಲ್ಲ. ಅಂಥ ಕೋವಿಗೆ ನಳಿಗೆ ಬದಲಿಸುವುದು ಹೊಸ ಕೋವಿ ಕಟ್ಟಿದಷ್ಟೇ ಕೆಲಸ.

ಹಾಕನ್ ಬಗೆಯ ಅರೆಮರದ ರೈಫಲ್‌ನಲ್ಲಿ ಬಿರಡೆಯ ಹಿಂದೆ ಒಂದು ಕೊಕ್ಕೆ ಇರುತ್ತದೆ. ಮರದಲ್ಲಿ ಶಾಶ್ವತವಾಗಿ ಕೂತ ಬಾಲದ ತುಂಡಿಗೆ ಆ ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ಮುಂಗೈ ಮರದ ಅಡ್ಡಕ್ಕೆ ತೂರಿದ ಒಂದೋ ಎರಡೋ ಬೆಣೆಗಳನ್ನು ಹೊಡೆದು ತೆಗೆದರೆ ನಳಿಗೆ ಮೇಲಕ್ಕೆ ಎದ್ದು ಬರುತ್ತದೆ. ಇದು ಮೂಲತಃ ತೊಳೆಯುವ ಅನುಕೂಲಕ್ಕೆ ಹುಟ್ಟಿದ ಏರ್ಪಾಡು: ನಳಿಗೆಯ ಬುಡವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟು, ಗಜಕ್ಕೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಿದರೆ ನೀರು ತಾನೇ ಏರಿಳಿದು ಮಸಿ ಹೊರಬೀಳುತ್ತದೆ. ಅದೇ ಕೊಕ್ಕೆ ಕಾರ್ಖಾನೆಯ ಅಳತೆಗೆ ಒಗ್ಗಿದಾಗ, ಒಂದೇ ಮರಕ್ಕೆ ಹಲವು ನಳಿಗೆ ಇಟ್ಟುಕೊಳ್ಳುವ ದಾರಿಯೂ ತೆರೆಯಿತು. ಅಳಿಲಿಗೆ .32 ಬೋರು, ಜಿಂಕೆಗೆ ದುಂಡು ಗುಂಡಿನ .54, ಉದ್ದ ಗುಂಡಿಗೆ ಬಿರುಸು ತಿರುವಿನ .50, ಹಕ್ಕಿಗೆ ಚರೆ ಹಾರಿಸುವ ನುಣುಪು ನಳಿಗೆ, ಹೀಗೆ. ನ್ಯೂಹ್ಯಾಂಪ್‌ಶೈರ್‌ನ ಗ್ರೀನ್ ಮೌಂಟನ್ ಕಂಪನಿಯ ಬದಲಿ ನಳಿಗೆಗಳು ಈ ವಲಯದಲ್ಲಿ ಮನೆಮಾತಾಗಿದ್ದವು. ಅದು ಈ ಸಾಲನ್ನು ನಿಲ್ಲಿಸಿದ ಮೇಲೆ ಹಳೆಯ ದಾಸ್ತಾನಿಗೆ ಹವ್ಯಾಸಿಗಳ ನಡುವೆ ಗಿರಾಕಿ ಹೆಚ್ಚಿತು. ಇಟಲಿಯಲ್ಲಿ ತಯಾರಾಗಿ ಲೈಮನ್ ಹೆಸರಿನಲ್ಲಿ ಮಾರಾಟವಾದ ಗ್ರೇಟ್ ಪ್ಲೇನ್ಸ್ ರೈಫಲ್ ಇನ್ನೊಂದು ದಾರಿ ಹಿಡಿಯಿತು. ದುಂಡು ಗುಂಡಿನವರಿಗೆ 60 ಅಂಗುಲ, ಉದ್ದ ಗುಂಡಿನವರಿಗೆ 32 ಅಂಗುಲ ಎಂದು ಎರಡು ಬೇರೆ ಕೋವಿಗಳನ್ನೇ ಕೊಟ್ಟಿತು. ರಾಜಿಯ ತಿರುವಿಗಿಂತ ಇದು ಪ್ರಾಮಾಣಿಕ ಮಾರ್ಗ.

ಸಿದ್ಧ ನಳಿಗೆ ಎಂದ ಮಾತ್ರಕ್ಕೆ ಎಲ್ಲ ಕೋವಿಗೂ ಸಿದ್ಧ ಎಂದಲ್ಲ. ಥಾಮ್ಸನ್/ಸೆಂಟರ್ ಕಂಪನಿಯದೇ ಎರಡು ಮಾದರಿಗಳನ್ನು ನೋಡಿದರೆ ಸಾಕು. ಹಾಕನ್‌ನ ಎಂಟುಪಟ್ಟೆ ನಳಿಗೆಯ ಅಡ್ಡಳತೆ 15/16 ಅಂಗುಲ, ರೆನೆಗೇಡ್‌ನದು ಪೂರ್ತಿ ಒಂದು ಅಂಗುಲ. ವ್ಯತ್ಯಾಸ 1.6 ಮಿ.ಮೀ. ಮಾತ್ರ. ಆದರೆ ತೆಳು ನಳಿಗೆ ಮರದಲ್ಲಿ ಕೆತ್ತಿದ ಅಗಲ ಗಾಡಿಯಲ್ಲಿ ಕೂತರೆ ಎರಡೂ ಬದಿಗೆ ಸಂದಿ ಕಾಣುತ್ತದೆ, ದಪ್ಪ ನಳಿಗೆ ಕಿರಿದಾದ ಗಾಡಿಗೆ ಇಳಿಯಬೇಕಾದರೆ ಉಳಿ ಹಿಡಿದು ಮರ ಕೆತ್ತಬೇಕು. ಹಾಕನ್‌ಗೆ ಎರಡು ಬೆಣೆ, ರೆನೆಗೇಡ್‌ಗೆ ಒಂದು. ನಳಿಗೆಯ ಅಡಿಯ ಕೊಂಡಿಗಳು ಬೆಣೆಯ ತೂತಿಗೆ ನೇರ ಬಾರದಿದ್ದರೆ ಕೊಂಡಿಯನ್ನು ಸರಿಸಬೇಕು, ಗಜ ಸಿಕ್ಕಿಸುವ ಕೊಳವೆಗಳ ಪಟ್ಟಿಯನ್ನೂ ಬದಲಿಸಬೇಕು.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಕುದುರೆಯ ಹೊಡೆತ. ಕೇಪು ಕೂರುವ ನಿಪ್ಪಲ್ ನಳಿಗೆಯ ಭಾಗ, ಅದನ್ನು ಬಡಿಯುವ ಕುದುರೆ ಮರದ ಭಾಗ. ನಳಿಗೆ ಬದಲಾದೊಡನೆ ಇವೆರಡರ ಸಂಬಂಧವೂ ಬದಲಾಗುತ್ತದೆ. ಕುದುರೆಯ ತಲೆಯ ಕುಳಿ ಕೇಪನ್ನು ನೆಟ್ಟಗೆ ಮುಚ್ಚದೆ ಓರೆಯಾಗಿ ತಾಗಿದರೆ ಕೇಪು ಸಿಡಿಯದೆ ಹೋಗಬಹುದು, ಸಿಡಿದರೆ ತಾಮ್ರದ ಚೂರು ಕಣ್ಣಿನತ್ತ ಹಾರಬಹುದು. ಅಮೆರಿಕದ ನಿಪ್ಪಲ್‌ಗಳ ತಿರುಪು ಸಾಮಾನ್ಯವಾಗಿ ಅಂಗುಲದ ಅಳತೆಯದು, ಯುರೋಪಿನವುಗಳಲ್ಲಿ ಹಲವು ಮೆಟ್ರಿಕ್ ಅಳತೆಯವು. ಒಂದರ ಜಾಗದಲ್ಲಿ ಇನ್ನೊಂದನ್ನು ಒತ್ತಾಯದಿಂದ ತಿರುಗಿಸಿದರೆ ಮೊದಲ ಎರಡು ಸುತ್ತು ಹಿಡಿದಂತೆ ಅನಿಸುತ್ತದೆ, ಅಪಾಯ ಇರುವುದು ಅಲ್ಲಿಯೇ.

ಬಿರಡೆಯ ವಿಷಯವೂ ಇಂಥದ್ದೇ. ಅದರ ಮೊಗ ನಳಿಗೆಯೊಳಗಿನ ಮೆಟ್ಟಿಲಿಗೆ ಪೂರ್ತಿ ಒತ್ತಿ ಕೂರಬೇಕು. ಕೂದಲೆಳೆಯ ಸಂದಿ ಉಳಿದರೂ ಮಸಿ ಅಲ್ಲಿ ಸೇರಿ, ಯಾವ ಗಜಕ್ಕೂ ಸಿಗದೆ, ತಿರುಪನ್ನು ಒಳಗಿಂದ ತಿನ್ನುತ್ತದೆ. ಖಾಲಿ ನಳಿಗೆ ತಂದು ಬಿರಡೆ ಕೂರಿಸುವ ಕೆಲಸ ಲೇತು ಯಂತ್ರ ಬಲ್ಲ, ಪರವಾನಗಿ ಇರುವ ಕೋವಿ ಕಸುಬುದಾರನದು, ಮನೆಯ ಅಂಗಳದ ಕೆಲಸವಲ್ಲ. ನಳಿಗೆಯ ಉಕ್ಕಿನ ಬಗ್ಗೆಯೂ ಕಸುಬುದಾರರಲ್ಲಿ ಹಳೆಯ ಜಗಳವಿದೆ. ಸೀಸ ಬೆರೆಸಿದ ಉಕ್ಕು ಬೆಣ್ಣೆಯಂತೆ ಕಡೆಯಲು ಬರುತ್ತದೆ, ತೋಡು ನುಣುಪಾಗಿ ಮೂಡುತ್ತದೆ. ಆದರೆ ಹಠಾತ್ ಒತ್ತಡಕ್ಕೆ ಅದು ಬಾಗುವ ಬದಲು ಒಡೆಯಬಹುದೆಂದು ಆಕ್ಷೇಪಿಸುವವರು ಕೋವಿಗೆಂದೇ ತಯಾರಾದ ಉಕ್ಕನ್ನೇ ಕೇಳುತ್ತಾರೆ. ಯಾವ ಉಕ್ಕೇ ಆಗಲಿ, ಸಾಂಪ್ರದಾಯಿಕ ನಳಿಗೆಗೆ ಕರಿಮದ್ದು ಅಥವಾ ಅದರ ಬದಲಿಗೆಂದೇ ಒಪ್ಪಿತವಾದ ಮದ್ದು ಮಾತ್ರ. ಹೊಗೆರಹಿತ ಮದ್ದು ಅದರಲ್ಲಿ ಸ್ಫೋಟಕ್ಕೆ ಸಮ.

ಬ್ರಿಟನ್ನಿನಲ್ಲಿ ಈ ಜಗಳವನ್ನು ಕಾನೂನೇ ಬಗೆಹರಿಸಿದೆ. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನ್ನದು ಸಿಕ್ಕಿತು, ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ 1813ರಲ್ಲಿ ಸ್ಥಾಪನೆಯಾಯಿತು. ರೂಢಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಾಳಿಕೊಂಡ ನಳಿಗೆಗೆ ಮುದ್ರೆ ಒತ್ತುವುದು ಇವುಗಳ ಕೆಲಸ. ಮುದ್ರೆಯಿಲ್ಲದ ನಳಿಗೆ ಮಾರುವಂತಿಲ್ಲ. ಬೋರು ಹಿಗ್ಗಿಸಿ ಅಥವಾ ಲೋಹ ತೆಗೆದು ನಳಿಗೆಯನ್ನು ದುರ್ಬಲಗೊಳಿಸಿದರೆ ಮತ್ತೆ ಪರೀಕ್ಷೆಗೆ ಒಡ್ಡಬೇಕು. ಇಟಲಿಯ ಗಾರ್ಡೋನೆ ವಾಲ್ ಟ್ರೋಂಪಿಯಾದ ಪ್ರತಿಕೃತಿ ಕೋವಿಗಳ ಮೇಲೂ ಅಂಥದೇ ಮುದ್ರೆ ಇರುತ್ತದೆ. ಅಮೆರಿಕದಲ್ಲಿ ಸರ್ಕಾರಿ ಕಡ್ಡಾಯ ಪರೀಕ್ಷೆಯಿಲ್ಲ, ತಯಾರಕನ ಹೆಸರೇ ಅಲ್ಲಿ ಮುದ್ರೆ.

ಗಾಜಿನ ಕಣ್ಣು

ಹಳೆಯ ಕೋವಿಗೆ ದುರ್ಬೀನು ಕೂರಿಸುವುದು ಆಧುನಿಕ ಅಪಚಾರ ಎಂದು ಮೂಗು ಮುರಿಯುವವರು ಇತಿಹಾಸವನ್ನು ಒಮ್ಮೆ ತಿರುವಿಹಾಕಬೇಕು. 1848ರಲ್ಲಿ ಜಾನ್ ಚಾಪ್ಮನ್ ಅಮೆರಿಕದ ಗುರಿ ರೈಫಲ್ ಕುರಿತು ಪ್ರಕಟಿಸಿದ ಕೈಪಿಡಿಯಲ್ಲಿ ನಳಿಗೆಯುದ್ದದ ದುರ್ಬೀನಿನ ವಿವರಣೆ ಇದೆ. ನ್ಯೂಯಾರ್ಕ್ ರಾಜ್ಯದ ಯೂಟಿಕಾದ ಮಾರ್ಗನ್ ಜೇಮ್ಸ್ ಅಂಥವನ್ನು ಮಾಡುತ್ತಿದ್ದ. 1855ರಿಂದ ಸಿರಾಕ್ಯೂಸ್‌ನ ವಿಲಿಯಂ ಮಾಲ್ಕಂ ಇನ್ನೂ ಒಳ್ಳೆಯ ಮಸೂರಗಳನ್ನು ಹಾಕಿ ಮಾರಲಾರಂಭಿಸಿದ. ಅಂದರೆ ಲೋಹದ ತೋಟಾ ರೂಢಿಗೆ ಬರುವ ಮೊದಲೇ ದುರ್ಬೀನು ಬಂದಿತ್ತು.

ಗಾಜಿಗೂ ನಳಿಗೆಗೂ ಇರುವ ನಂಟಿಗೆ ಇನ್ನೂ ಸೊಗಸಾದ ಸಾಕ್ಷಿ ಆಲ್ವನ್ ಕ್ಲಾರ್ಕ್. ಬಾಯಿಯಿಂದ ಗುಂಡು ಇಳಿಸುವಾಗ ನಳಿಗೆಯ ಅಂಚು ಸವೆಯುವುದನ್ನು, ಗುಂಡು ಓರೆಯಾಗಿ ಒಳಹೋಗುವುದನ್ನು ತಪ್ಪಿಸಲು ಆತ 1840ರಲ್ಲಿ ಹುಸಿಬಾಯಿಯೊಂದಕ್ಕೆ ಪೇಟೆಂಟ್ ಪಡೆದ. ನಳಿಗೆಯ ತುದಿಯದೇ ಒಂದು ತುಂಡನ್ನು ಕತ್ತರಿಸಿ, ತುಂಬುವಾಗ ಮಾತ್ರ ಮೊಳೆಗಳ ಮೇಲೆ ಕೂರಿಸಿ, ಹಾರಿಸುವ ಮುನ್ನ ತೆಗೆದಿಡುವ ಉಪಾಯ ಅದು. ಅದೇ ಕ್ಲಾರ್ಕ್ ಮತ್ತು ಅವನ ಮಕ್ಕಳ ಸಂಸ್ಥೆ ಮುಂದೆ ಲಿಕ್ ವೀಕ್ಷಣಾಲಯದ 36 ಅಂಗುಲದ, ಯರ್ಕಿಸ್‌ನ 40 ಅಂಗುಲದ ಮಸೂರಗಳನ್ನು ಉಜ್ಜಿ ಕೊಟ್ಟಿತು. ಮಗ ಆಲ್ವನ್ ಗ್ರಹಾಂ ಕ್ಲಾರ್ಕ್ 1862ರಲ್ಲಿ ಹೊಸ ಮಸೂರವೊಂದನ್ನು ಪರೀಕ್ಷಿಸುತ್ತ ಲುಬ್ಧಕ ನಕ್ಷತ್ರದ ಮಂಕು ಸಂಗಾತಿಯನ್ನು ಕಂಡ.

ಬ್ರಿಟನ್ನಿನಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ ಷಟ್ಕೋನ ಬೋರಿನ, .451 ಅಂಗುಲದ, 20 ಅಂಗುಲಕ್ಕೊಂದು ಸುತ್ತಿನ ರೈಫಲ್ ಮಾಡಿದ. 1857ರ ಪರೀಕ್ಷೆಗಳಲ್ಲಿ ಅದು ಸೇನೆಯ ಎನ್‌ಫೀಲ್ಡ್ ರೈಫಲನ್ನು ಬಹಳ ಹಿಂದೆ ಹಾಕಿತು. ಆದರೆ ಕಿರಿದಾದ ಬೋರು ಬೇಗ ಮಸಿ ಕಟ್ಟುತ್ತದೆ, ಬೆಲೆಯೂ ಜಾಸ್ತಿ ಎಂದು ಸೇನೆ ಅದನ್ನು ಒಪ್ಪಲಿಲ್ಲ. 1860ರ ಜುಲೈ 2ರಂದು ವಿಂಬಲ್ಡನ್ ಮೈದಾನದಲ್ಲಿ ವಿಕ್ಟೋರಿಯಾ ರಾಣಿ ಚೌಕಟ್ಟಿಗೆ ಬಿಗಿದ ವಿಟ್‌ವರ್ತ್ ರೈಫಲಿನ ದಾರ ಎಳೆದಾಗ, 400 ಗಜ ದೂರದ ಫಲಕದಲ್ಲಿ ಗುಂಡು ನಡುಬಿಂದುವಿಗೆ ಒಂದೂವರೆ ಅಂಗುಲದೊಳಗೆ ಬಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಗುರಿಕಾರರ ಕೈಗೆ ಸಿಕ್ಕ ಕೆಲವು ವಿಟ್‌ವರ್ತ್‌ಗಳ ಎಡಮಗ್ಗುಲಿಗೆ ಕರ್ನಲ್ ಡೇವಿಡ್‌ಸನ್ ರೂಪಿಸಿದ ಚಿಕ್ಕ ದುರ್ಬೀನು ಇರುತ್ತಿತ್ತು. ಪಕ್ಕಕ್ಕೆ ಕೂರಿಸಿದ್ದರಿಂದ ಮೇಲಿನ ಸಾದಾ ಗುರಿಮೊಳೆಯೂ ಬಳಕೆಗೆ ಉಳಿಯುತ್ತಿತ್ತು. 1864ರ ಮೇ 9ರಂದು ಸ್ಪಾಟ್‌ಸಿಲ್ವೇನಿಯದಲ್ಲಿ ಉತ್ತರದ ಜನರಲ್ ಜಾನ್ ಸೆಡ್ಜ್‌ವಿಕ್ ಬಿದ್ದದ್ದು ಇಂಥ ರೈಫಲಿಗೇ ಎಂಬ ಮಾತು ಪ್ರಚಲಿತವಾಗಿದೆ, ಖಚಿತ ಪುರಾವೆಯಿಲ್ಲ. ಉತ್ತರದ ಪಡೆಯಲ್ಲಿ ಹತ್ತು ಕಿಲೋಗ್ರಾಂ ಮೀರುವ, ಉದ್ದ ದುರ್ಬೀನಿನ ಗುರಿ ರೈಫಲ್‌ಗಳಿದ್ದವು. ಹೊತ್ತು ತಿರುಗಲು ಯೋಗ್ಯವಲ್ಲದ ಅವುಗಳನ್ನು ಮೇಜಿನ ಮೇಲಿಟ್ಟೇ ಹಾರಿಸಬೇಕಿತ್ತು.

ಇಂದಿನ ದುರ್ಬೀನು, ಅಂದಿನ ಕೋವಿ

ಇಷ್ಟು ವಂಶಾವಳಿ ಇದ್ದರೂ, ಅಂಗಡಿಯಲ್ಲಿ ಸಿಗುವ ಒಂದು ಅಂಗುಲ ಕೊಳವೆಯ ಆಧುನಿಕ ದುರ್ಬೀನು ಹಾಕನ್ ಬಗೆಯ ರೈಫಲಿನ ಮೇಲೆ ಒಗ್ಗದ ಅಳಿಯನ ಹಾಗೆ ಕೂರುತ್ತದೆ. ಮೊದಲ ತೊಡಕು ಮರದ್ದು. ಆ ಕಾಲದ ಹಿಡಿಮರ ಬಹಳ ಇಳಿಜಾರು. ತಲೆ ಎತ್ತಿ, ನಳಿಗೆಗೆ ಅಂಟಿದಂತಿರುವ ಗುರಿಮೊಳೆ ನೋಡಲು ಅದು ಸರಿ. ದುರ್ಬೀನು ದೃಷ್ಟಿಯನ್ನು ಇನ್ನೂ ಮೇಲಕ್ಕೆತ್ತಿದಾಗ ಕೆನ್ನೆ ಮರ ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ, ಪ್ರತಿ ಸಲವೂ ಕಣ್ಣು ಒಂದೇ ಜಾಗದಲ್ಲಿ ನಿಲ್ಲದು. ಚರ್ಮದ ಕೆನ್ನೆಪಟ್ಟಿ ಕಟ್ಟಿಕೊಳ್ಳುವವರಿದ್ದಾರೆ, ಅಂದ ಹೋದರೂ ಕೆಲಸ ಆಗುತ್ತದೆ.

ಎರಡನೆಯದು ಕುದುರೆಯ ತೊಡಕು. ಅದು ಬಲಮಗ್ಗುಲಲ್ಲಿ ಎದ್ದು ನಿಂತು ದುರ್ಬೀನಿನ ಕಣ್ಣುತುದಿಗೆ ತಾಗುತ್ತದೆ, ಹೆಬ್ಬೆರಳಿಗೆ ಜಾಗ ಉಳಿಯದು. ಕೇಪು ಹಾಕುವ ಬೆರಳುಗಳೂ ಕೊಳವೆಯಡಿ ತಡಕಾಡಬೇಕು. ಚಕಮಕಿ ಕೋವಿಯಲ್ಲಂತೂ ಬಟ್ಟಲಿನ ಮದ್ದು ಪ್ರತಿ ಸಲ ಭಗ್ಗೆಂದು ಗಾಜಿನ ಕೆಳಗೇ ಉರಿಯುತ್ತದೆ, ಆ ಮಸಿ ಮಸೂರದ ಲೇಪವನ್ನು ಬೇಗ ಕೆಡಿಸುತ್ತದೆ. ಚಕಮಕಿಗೆ ದುರ್ಬೀನು ಹಾಕಬೇಡಿ ಎಂದು ಸುಮ್ಮನೆ ಹೇಳಿಬಿಡುವುದು ಮೇಲು.

ನಳಿಗೆಯ ಗೋಡೆಯ ದಪ್ಪ ಮೂರನೆಯದು, ಸುರಕ್ಷತೆಯ ದೃಷ್ಟಿಯಿಂದ ಮೊದಲನೆಯದು. 15/16 ಅಂಗುಲದ ನಳಿಗೆಯಲ್ಲಿ .50 ಬೋರು ಕೊರೆದರೆ ಗೋಡೆ ಉಳಿಯುವುದು ಸುಮಾರು 5.5 ಮಿ.ಮೀ., .54 ಬೋರಿಗೆ 5 ಮಿ.ಮೀ. ಅದರಿಂದ ತೋಡಿನ ಆಳವನ್ನೂ ಕಳೆಯಬೇಕು. ದುರ್ಬೀನಿನ ತಳಪಟ್ಟಿಗೆ ಕೊರೆಯುವ ಸ್ಕ್ರೂ ತೂತು ಈ ಗೋಡೆಯೊಳಗೇ ಮುಗಿಯಬೇಕು. ಬೋರಿಗೆ ತೂತು ಬಿದ್ದರೆ ಅಲ್ಲಿಗೆ ಆ ನಳಿಗೆ ಮುಗಿಯಿತು. ಈ ಕಾರಣಕ್ಕೆ ಹೊಸ ತೂತು ಕೊರೆಯದೆ, ಹಿಂದಿನ ಗುರಿಕಚ್ಚನ್ನು ಕಾರ್ಖಾನೆಯಲ್ಲೇ ಬಿಗಿದಿದ್ದ ತೂತುಗಳನ್ನು ಬಳಸುವ ತಳಪಟ್ಟಿಗಳು ಬಂದವು. ಅವುಗಳ ಮೇಲೆ ಕಣ್ಣಿನಿಂದ ದೂರ ನಿಂತು ನೋಡಬಲ್ಲ ಬಗೆಯ ದುರ್ಬೀನನ್ನು ಮುಂದಕ್ಕೆ ಕೂರಿಸಿದರೆ ಕುದುರೆಯ ತೊಡಕೂ ತಪ್ಪುತ್ತದೆ. ಕಾಣುವ ವಲಯ ಚಿಕ್ಕದಾಗುವುದು ಅದರ ಬೆಲೆ.

ಕೊಕ್ಕೆ ಬಿರಡೆಯ ಕೋವಿಯಲ್ಲಿ ಇನ್ನೊಂದು ವಿವೇಕ ಬೇಕು. ದುರ್ಬೀನಿನ ಎರಡು ಕಾಲೂ ನಳಿಗೆಯ ಮೇಲೆಯೇ ಇರಬೇಕು. ಒಂದು ಕಾಲು ಮರದಲ್ಲಿ ಕೂತ ಬಾಲದ ಮೇಲಿದ್ದರೆ, ತೊಳೆಯಲು ನಳಿಗೆ ಎತ್ತಿ ಮತ್ತೆ ಕೂರಿಸಿದಾಗಲೆಲ್ಲ ಗುರಿ ಕದಲುತ್ತದೆ. ಎರಡೂ ನಳಿಗೆಯ ಮೇಲಿದ್ದರೆ ಗುರಿ ಉಳಿಯುತ್ತದೆ, ಆದರೆ ಬಕೆಟ್ಟಿನ ಬಿಸಿನೀರು ಗಾಜಿಗೆ ತಾಗದಂತೆ ನೋಡಿಕೊಳ್ಳುವ ಹೊಸ ಕೆಲಸ ಹುಟ್ಟುತ್ತದೆ. ಮಾಲ್ಕಂ ಮಾದರಿಯ ಉದ್ದನೆಯ ಸಣ್ಣ ಕೊಳವೆಗಳು ಇಂದು ಮತ್ತೆ ತಯಾರಾಗುತ್ತಿವೆ. ಗುರಿ ತಿದ್ದುವ ತಿರುಪು ಕೊಳವೆಯೊಳಗಿರದೆ ಹೊರಗಿನ ಕಾಲುಗಳಲ್ಲಿರುವ ಆ ದುರ್ಬೀನುಗಳು ಈ ಕೋವಿಗಳ ಮೇಲೆ ಕಣ್ಣಿಗೂ ಹಿತವಾಗಿ ಕಾಣುತ್ತವೆ.

ಇಷ್ಟೆಲ್ಲ ಮಾಡಿ ಸಿಗುವುದೇನು? .490 ಅಂಗುಲದ ಸೀಸದ ದುಂಡು ಗುಂಡಿನ ತೂಕ ಸುಮಾರು 11.5 ಗ್ರಾಂ. ಗಾಳಿಯನ್ನು ಸೀಳುವ ಆಕಾರ ಅದಕ್ಕಿಲ್ಲ. 100 ಗಜ ಮುಟ್ಟುವಷ್ಟರಲ್ಲಿ ಬಾಯಿ ಬಿಟ್ಟಾಗಿನ ವೇಗದ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತದೆ. ಯಾವ ಮಸೂರವೂ ಆ ವೇಗವನ್ನು ಮರಳಿಸದು. ಹಾಗಾಗಿ ದುಂಡು ಗುಂಡಿನ ಕೋವಿಗೆ ದುರ್ಬೀನು ಹಾಕಿದವರಿಗೆ ದಕ್ಕುವುದು ದೂರವಲ್ಲ, ಮುಸ್ಸಂಜೆಯ ಬೆಳಕಿನಲ್ಲಿ ಸ್ಪಷ್ಟತೆ ಮತ್ತು ವಯಸ್ಸಾದ ಕಣ್ಣಿಗೆ ನೆರವು. ಹತ್ತಿರದ ಕಚ್ಚು, ಮುಂದಿನ ಮೊಳೆ, ದೂರದ ಗುರಿ ಮೂರನ್ನೂ ಒಟ್ಟಿಗೆ ನೋಡಲು ನಲವತ್ತೈದು ದಾಟಿದ ಕಣ್ಣಿಗೆ ಕಷ್ಟ. ಅಂಥವರಿಗೆ ಸಣ್ಣ ತೂತಿನ ಮೂಲಕ ನೋಡುವ ತಟ್ಟೆಗುರಿ ಹಲವು ಸಲ ದುರ್ಬೀನಿಗಿಂತ ಮೇಲು. ತೂತು ಕಿರಿದಾದಷ್ಟೂ ಹತ್ತಿರವೂ ದೂರವೂ ಒಟ್ಟಿಗೆ ಸ್ಪಷ್ಟವಾಗುತ್ತವೆ, ಮಸಿಗೆ ಕೆಡುವ ಗಾಜೂ ಅದರಲ್ಲಿಲ್ಲ. ನಳಿಗೆ ಬದಲಿಸಿದ ಮೇಲೆ ಸಾದಾ ಗುರಿಯನ್ನು ತಿದ್ದುವುದಾದರೆ ನಿಯಮ ಸುಲಭ. ಗುಂಡು ಬಿದ್ದ ಕಡೆಗೆ ಮುಂದಿನ ಮೊಳೆಯನ್ನು, ಬೀಳಬೇಕಾದ ಕಡೆಗೆ ಹಿಂದಿನ ಕಚ್ಚನ್ನು ಸರಿಸಬೇಕು.

ಸಂಪ್ರದಾಯವೆಂದರೆ ಎಷ್ಟು?

1985ರಲ್ಲಿ ಟೋನಿ ನೈಟ್ ಎಂಬಾತ ಎಂಕೆ-85 ಎಂಬ ಹೊಸ ಬಗೆಯ ಕೋವಿ ತಂದ. ಬಾಯಿಯಿಂದಲೇ ತುಂಬಬೇಕು, ಆದರೆ ಕಿಡಿ ಹೊತ್ತುವುದು ನಳಿಗೆಯ ನೇರ ಹಿಂದೆ. ಪಕ್ಕದ ಕುದುರೆ ಇಲ್ಲ, ಮರ ಆಧುನಿಕ ರೈಫಲಿನಂತೆ, ದುರ್ಬೀನಿಗೆ ತೂತು ಮೊದಲೇ ಸಿದ್ಧ. ಹಳೆಯ ಕೋವಿಗಳಿಗೆಂದು ಮೀಸಲಿಟ್ಟ ಬೇಟೆ ಋತುವಿಗೆ ಇದು ನುಗ್ಗಿದಾಗ ಅಮೆರಿಕದ ರಾಜ್ಯಗಳು ಗೆರೆ ಎಳೆಯಬೇಕಾಯಿತು. ಪೆನ್ಸಿಲ್ವೇನಿಯ 1974ರಿಂದ ನಡೆಸಿಕೊಂಡು ಬಂದ ಚಳಿಗಾಲದ ಋತುವನ್ನು ಚಕಮಕಿಗೇ ಬಿಟ್ಟಿತು. ಕೊಲೊರಾಡೊ ತನ್ನ ಬಾಯಿಮದ್ದಿನ ಋತುವಿನಲ್ಲಿ ದುರ್ಬೀನನ್ನು ಬಹುಕಾಲದಿಂದ ದೂರವಿಟ್ಟಿದೆ. ಯೂಟಾ ರಾಜ್ಯ 2016ರಲ್ಲಿ ಹಿಗ್ಗಿಸಿ ತೋರುವ ದುರ್ಬೀನಿಗೆ ಒಪ್ಪಿಗೆ ಕೊಟ್ಟು, 2024ರಲ್ಲಿ ಹಿಂತೆಗೆದುಕೊಂಡಿತು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮೂಲ ಕೋವಿ, ಪ್ರತಿಕೃತಿ ಎಂದು ಎರಡು ವಿಭಾಗಗಳಿವೆ. ಪ್ರತಿಕೃತಿ ತನ್ನ ಮೂಲದಿಂದ ದೂರ ಸರಿಯುವಂತಿಲ್ಲ. ಆದ್ದರಿಂದ ಬದಲಿ ನಳಿಗೆಗೋ ದುರ್ಬೀನಿಗೋ ಹಣ ಕೊಡುವ ಮುನ್ನ ಆ ವರ್ಷದ ನಿಯಮಪುಸ್ತಕ ನೋಡುವುದು ಬೇಟೆಗಾರರ, ಸ್ಪರ್ಧಿಗಳ ವಾಡಿಕೆ.

ನಳಿಗೆಗಳು ಅಮೆರಿಕದಲ್ಲಿ ಅಂಚೆಯಲ್ಲಿ ಓಡಾಡುವುದಕ್ಕೂ ಕಾನೂನೇ ಕಾರಣ. 1968ರ ಕೋವಿ ನಿಯಂತ್ರಣ ಕಾಯಿದೆಯಡಿ ಕರಿಮದ್ದಿನ ಬಾಯಿ ತುಂಬುವ ಕೋವಿಗಳು ಸಾಮಾನ್ಯವಾಗಿ ಪುರಾತನ ವಸ್ತುಗಳ ಸಾಲಿಗೆ ಸೇರುತ್ತವೆ, ಕೆಲವು ರಾಜ್ಯಗಳ ನಿಯಮ ಇದಕ್ಕಿಂತ ಬಿಗಿ. ತೋಟಾ ಹಾರಿಸಬಲ್ಲ ನಳಿಗೆ ಸುಲಭವಾಗಿ ಕೂರುವಂತಿದ್ದರೆ ಆ ವಿನಾಯಿತಿ ಹೋಗುತ್ತದೆ.

ಭಾರತದ ಸ್ಥಿತಿ ಬೇರೆ. 1959ರ ಆಯುಧ ಕಾಯಿದೆಯಲ್ಲಿ ಆಯುಧ ಎಂದರೆ ಅದರ ಭಾಗಗಳೂ ಸೇರಿವೆ, ಬಿಡಿ ನಳಿಗೆಯೊಂದೇ ಇದ್ದರೂ ಅದು ಆಯುಧವೇ. ತಯಾರಿಕೆ, ದುರಸ್ತಿ, ಪರೀಕ್ಷೆಗಳ ಕಸುಬಿಗೆ ಪ್ರತ್ಯೇಕ ಪರವಾನಗಿ ಬೇಕು, ನಳಿಗೆ ಗಿಡ್ಡ ಮಾಡುವುದಕ್ಕೂ ಅನುಮತಿ ಬೇಕು. ಕರ್ನಾಟಕದಲ್ಲಿ ಬೆಳೆ ರಕ್ಷಣೆಗೆಂದು ರೈತರು ಪರವಾನಗಿ ಪಡೆದಿರುವ ಒಂಟಿ ನಳಿಗೆಯ ಕೇಪಿನ ಕೋವಿಗಳಿಗೆ ಸುರುಳಿ ತೋಡಿಲ್ಲದ ಕಾರಣ ತಿರುವಿನ ಲೆಕ್ಕವೂ ದುರ್ಬೀನೂ ಅನ್ವಯಿಸುವುದಿಲ್ಲ. ಅವುಗಳ ದುರಸ್ತಿಯೆಂದರೆ ಬಹುತೇಕ ನಿಪ್ಪಲ್ ಬದಲಿಸುವುದು, ಸ್ಪ್ರಿಂಗು ಹಾಕುವುದು, ಒಡೆದ ಮರ ಕೂಡಿಸುವುದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿ ಉಳ್ಳವರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಆ ವಿನಾಯಿತಿ ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು, ತಯಾರಿಕೆಗಲ್ಲ. ಅಲ್ಲಿನವರು ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಎಂಬ ಆಯುಧ ಹಬ್ಬದಲ್ಲಿ ಮನೆಯ ಕೋವಿಗಳನ್ನು ತೊಳೆದು, ಒರೆಸಿ, ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆಗೆ ಇಡುತ್ತಾರೆ.